ವಸೀಂನ ಡಬ್ಬಿ ಅದುಮಿದ ಹಾಡು

ಗುಂಡ್ಲುಪೇಟೆಯ ಹೆದ್ದಾರಿಯಲ್ಲಿ ಈರುಳ್ಳಿ ಲಾರಿ, ಕೇರಳದ ಬಸ್ಸು, ಊಟಿಗೆ ಹೋಗುವ ಕಾರು ಎಲ್ಲವೂ ಒಟ್ಟಿಗೆ ಹಾರನ್ ಹೊಡೆಯುತ್ತಿರುವಾಗಲೂ ಒಂದು ಪ್ರಚಾರದ ಆಟೋ ಹಾದುಹೋದರೆ ಅದರ ಒಂದೊಂದು ಮಾತೂ ಕಿವಿಗೆ ಬೀಳುತ್ತದೆ. 'ಬನ್ನಿ, ನೋಡಿ, ಆರಿಸಿಕೊಳ್ಳಿ' ಎನ್ನುವ ಆ ದನಿ ನನ್ನದು. ನಿವೃತ್ತನಾದ ಮೇಲೆ ಹತ್ತಿದ ಚಟ ಅದು. ಮೂವತ್ತೆರಡು ವರ್ಷ ಮಕ್ಕಳ ಮುಂದೆ ಕಿರುಚಿದವನಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಆದರೆ ಆ ದನಿ ಲಾರಿಗಳ ನಡುವೆಯೂ ಕೇಳುವಂತೆ ಮಾಡುವವನು ವಸೀಂ. ನಾನು ಬರೀ ಬಾಯಿ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ಮೇಷ್ಟ್ರುಗಳೇ ಹಾಗೆ.

ವಸೀಂಗೆ ಈಗ ನಲವತ್ತೊಂದು. ಅವನ ತಂದೆ ಹಿದಾಯತ್ ಉಲ್ಲಾ ಸಾಬರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹತ್ತಿ ಹಾಸಿಗೆ ಹೊಲಿಯುತ್ತಿದ್ದರು. ಫೋಮಿನ ಹಾಸಿಗೆ ಬಂದು ಆ ಕಸುಬು ನಿಂತುಹೋದ ಮೇಲೆ, ಯಾರೂ ಕೊಳ್ಳದೆ ಉಳಿದ ಹದಿನಾಲ್ಕು ಹಾಸಿಗೆಗಳನ್ನು ವಸೀಂ ಅಂಗಡಿ ಮೇಲಿನ ಕೋಣೆಯ ನಾಲ್ಕು ಗೋಡೆಗೂ ಬಡಿದ. ಬಾಗಿಲಿಗೂ ಒಂದನ್ನು ಕಟ್ಟಿ, ಹೊರಗೆ ಸ್ಟುಡಿಯೊ ಎಂದು ಬೋರ್ಡು ಹಾಕಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಲಾರಿ ಸದ್ದು ಅರ್ಧಕ್ಕರ್ಧ ಸಾಯುತ್ತದೆ. ಫ್ಯಾನು ಹಾಕುವಂತಿಲ್ಲ, ಅದರ ಸದ್ದೂ ಮೈಕಿಗೆ ಬೀಳುತ್ತದೆ. ಹತ್ತು ನಿಮಿಷಕ್ಕೆ ನನ್ನ ಅಂಗಿ ಹಿಂಡಿದರೆ ಒಂದು ಚೊಂಬು ನೀರು ಬರುತ್ತದೆ.

ಮನುಷ್ಯ ಮಹಾ ಅಂಜುಬುರುಕ. ಬೀಗ ಹಾಕಿ ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಎಳೆಯುತ್ತಾನೆ. ಒಂದು ರೆಕಾರ್ಡಿಂಗನ್ನು ಮೂರು ಕಡೆ ಇಟ್ಟುಕೊಳ್ಳುತ್ತಾನೆ. 'ನಮ್ಮ ನಿಕಾಹ್ ದಿನವೂ ಒಪ್ಪಿಗೆ ಹೇಳಿದ್ದು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಎರಡು ಸಲ ವಿಚಾರಿಸಿದರು' ಎಂದು ಅವನ ಹೆಂಡತಿ ಅನೀಸಾ ನಗುತ್ತಾಳೆ. ಇಂಥವನ ಕೈಯಿಂದಲೂ ಒಂದು ದೊಡ್ಡ ತಪ್ಪಾಯಿತು. ಅದು ಹೇಗೆ ಎಂದು ಕೇಳಿದರೆ ಉತ್ತರ ನನ್ನ ಹತ್ತಿರವೇ ಇದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವನ ಮೇಜಿನ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಮೈಸೂರಿನಲ್ಲಿ ಬಾಗಿಲು ಮುಚ್ಚಿದ ಒಂದು ಸ್ಟುಡಿಯೊದಿಂದ ತಂದದ್ದು. ಹೆಸರು ಕಂಪ್ರೆಸರ್, ವಸೀಂ ಕರೆಯುವುದು ಡಬ್ಬಿ ಎಂದು. ದನಿ ಎಷ್ಟು ಜೋರಾದರೆ ಅದುಮಬೇಕು, ಎಷ್ಟು ಅದುಮಬೇಕು, ಅದುಮಿದ್ದನ್ನು ಎಷ್ಟು ಬೇಗ ಬಿಡಬೇಕು, ಕೊನೆಗೆ ಎಲ್ಲವನ್ನೂ ಒಟ್ಟಿಗೆ ಎಷ್ಟು ಮೇಲೆತ್ತಬೇಕು, ಇಷ್ಟಕ್ಕೆ ನಾಲ್ಕು ಗುಂಡಿ. ಗಾಜಿನ ಹಿಂದೆ ಒಂದು ಮುಳ್ಳು. ದನಿ ಏರಿದಾಗಲೆಲ್ಲ ಮುಳ್ಳು ಎಡಕ್ಕೆ ಬಗ್ಗುತ್ತದೆ, ಅಂದರೆ ಡಬ್ಬಿ ಅಷ್ಟು ಅದುಮಿತು ಎಂದು ಅರ್ಥ. ಕ್ಲಾಸಿನಲ್ಲಿ ಗಲಾಟೆ ಮಾಡುವ ಎತ್ತರದ ಹುಡುಗನನ್ನು ತಲೆ ಹಿಡಿದು ಕೂರಿಸಿ, ಕುಳ್ಳನನ್ನು ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ. ಇಬ್ಬರೂ ಒಂದೇ ಎತ್ತರ ಕಾಣುತ್ತಾರೆ. ಪ್ರಚಾರಕ್ಕೆ ಅದೇ ಬೇಕು. ನಾನು ಪಿಸುಗುಟ್ಟಿದರೂ ಕೂಗಿದರೂ ಆಟೋದ ಸ್ಪೀಕರಿನಲ್ಲಿ ಒಂದೇ ಮಟ್ಟಕ್ಕೆ ಬರಬೇಕು, ಇಲ್ಲದಿದ್ದರೆ ಅರ್ಧ ಮಾತನ್ನು ಲಾರಿ ನುಂಗುತ್ತದೆ.

ಹಾಡಿಗೆ ಮಾತ್ರ ವಸೀಂ ಡಬ್ಬಿಯನ್ನು ಮುಟ್ಟುತ್ತಿರಲಿಲ್ಲ. ಮೈಕಿನ ವೈರನ್ನು ಡಬ್ಬಿಯಿಂದ ಕಿತ್ತು ನೇರವಾಗಿ ಕಂಪ್ಯೂಟರಿಗೆ ಹಾಕುತ್ತಿದ್ದ. ಆಮೇಲೆ ಎಲ್ಲಿ ಎಷ್ಟು ಬೇಕೋ ಅಷ್ಟು ಕಂಪ್ಯೂಟರಿನಲ್ಲೇ ಮೆಲ್ಲಗೆ ಅದುಮುತ್ತಿದ್ದ. ಅಲ್ಲಿ ತಪ್ಪಾದರೆ ವಾಪಸು ತೆಗೆಯಬಹುದು. ಡಬ್ಬಿಯ ಮೂಲಕ ಹೋದದ್ದನ್ನು ತೆಗೆಯಲಾಗುವುದಿಲ್ಲ. ಅದರಾಚೆ ಕಂಪ್ಯೂಟರಿಗೆ ಸಿಗುವುದೇ ಅದುಮಿದ ದನಿ. ಅದಕ್ಕೆ ಮುಂಚಿನದು ಎಲ್ಲಿಯೂ ಉಳಿಯುವುದಿಲ್ಲ.

ಹರದನಹಳ್ಳಿಯ ಭವ್ಯ ನನಗೆ ಫೋನ್ ಮಾಡಿದ್ದು ಆಷಾಢಕ್ಕೆ ನಾಲ್ಕು ದಿನ ಇದ್ದಾಗ. ಆ ಊರಿನ ಶಾಲೆಯಲ್ಲಿ ನಾನು ಹದಿನೈದು ವರ್ಷ ಪಾಠ ಮಾಡಿದವನು. ಅವಳು ನನ್ನ ಶಿಷ್ಯೆ, ಈಗ ಚಾಮರಾಜನಗರದಲ್ಲಿ ಕೆಲಸಕ್ಕಿದ್ದಾಳೆ. ಶ್ರಾವಣದಲ್ಲಿ ಮದುವೆ ಗೊತ್ತಾಗಿತ್ತು.

"ಸಾರ್, ನಮ್ಮಜ್ಜಿ ದನಿ ತಗ್ದುಬುಡ್ತಾರಂತೆ," ಎಂದಳು. ಎಂದವಳೇ ಅತ್ತಳು.

ಅವಳ ಅಜ್ಜಿ ಚಿಕ್ಕನಿಂಗಮ್ಮ ಸೋಬಾನೆ ಹಾಡುವವರು. ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇನ್ನು ತಡ ಮಾಡಿದರೆ ಜೀವಕ್ಕೆ ಅಪಾಯ ಎಂದು ಮೈಸೂರಿನ ಡಾಕ್ಟರು ಸೋಮವಾರಕ್ಕೆ ದಿನ ಕೊಟ್ಟಿದ್ದರು. ಅವರ ಕಡೆಯಲ್ಲಿ ಹೆಣ್ಣೊಪ್ಪಿಸುವಾಗ ಮನೆಯ ಹಿರಿಯಳು ಮದುಮಗಳ ಕೈ ಹಿಡಿದುಕೊಂಡು ಒಂದು ಪದ ಹಾಡುತ್ತಾಳೆ. ಬೀದಿಯ ಹೆಂಗಸರು ಸುತ್ತ ನಿಂತು ಸೊಲ್ಲು ಹಿಡಿಯುತ್ತಾರೆ, ಅವಳು ಹಾಡಿದ ಸಾಲನ್ನು ಹಿಂದಿನಿಂದ ಎತ್ತಿ ಹಾಡುತ್ತಾರೆ. ಪದ ಮುಗಿದ ಮೇಲೆಯೇ ಹುಡುಗಿಯ ಕೈ ಅತ್ತೆಯ ಕೈಗೆ. ಚಿಕ್ಕನಿಂಗಮ್ಮ ತಮ್ಮ ಮೂವರು ಹೆಣ್ಣುಮಕ್ಕಳನ್ನೂ ಊರಿನ ಇನ್ನೆಷ್ಟೋ ಹುಡುಗಿಯರನ್ನೂ ಹಾಗೇ ಹಾಡಿ ಒಪ್ಪಿಸಿದವರು. ಮೊಮ್ಮಗಳ ಸರದಿ ಬರುವ ಹೊತ್ತಿಗೆ ಗಂಟಲು ಹೀಗಾಯಿತು.

"ಅಜ್ಜಿ ಪದ ಇಲ್ದೆ ನಾನು ಕೈ ಕೊಡಾಕಿಲ್ಲ ಸಾರ್. ರೆಕಾರ್ಡ್ ಮಾಡಿಸ್ಕೊಡಿ," ಎಂದಳು ಭವ್ಯ.

"ಅಳಬೇಡ ಕಣಮ್ಮಿ. ನಮ್ಮ ವಸೀಂ ಅವ್ನೆ," ಎಂದೆ. ಎಷ್ಟು ಧೈರ್ಯದಿಂದ ಹೇಳಿದೆ ಎಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ.

ಶನಿವಾರ ಬೆಳಿಗ್ಗೆ ನಾನು ಒಂದು ಸೀರೆ ಅಂಗಡಿಯ ಆಷಾಢದ ರಿಯಾಯಿತಿಯನ್ನು ಸಾರಿ ಮುಗಿಸಿದ್ದೆ. ಮುಗಿಸುವಷ್ಟರಲ್ಲಿ ಅಜ್ಜಿ ಮೊಮ್ಮಗಳು ಬಸ್ಸಿಳಿದು ಬಂದರು. ಮೆಟ್ಟಿಲು ಹತ್ತಿದ್ದಕ್ಕೇ ಚಿಕ್ಕನಿಂಗಮ್ಮನಿಗೆ ಏದುಸಿರು. ಕೋಣೆಯ ಸೆಖೆಗೆ ಕೆಮ್ಮು ಶುರುವಾಯಿತು. ವಸೀಂ ಎದ್ದು, "ಒಂದ್ ಐದು ನಿಮಿಷ ಮೇಷ್ಟ್ರೇ, ವೈರು ಬದಲಾಯಿಸಿ, ಮೈಕು ಎತ್ತರ ನೋಡಿ..." ಎಂದು ಶುರುಮಾಡಿದ. ಅವನ ಐದು ನಿಮಿಷ ಎಂದರೆ ಮುಕ್ಕಾಲು ಗಂಟೆ ಎಂದು ನನಗೆ ಗೊತ್ತಿತ್ತು. ಅಜ್ಜಿಯ ಮುಖ ನೋಡಿ ನನಗೆ ಗಾಬರಿಯಾಗಿತ್ತು.

"ಬುಡಯ್ಯ ಮಾರಾಯ, ನಿನ್ನ ಅನುಮಾನಕ್ಕೆ ಕೊನೆಯೇ ಇಲ್ಲ. ಈಗ ತಾನೇ ನನ್ನ ದನಿ ಗಂಟೆ ಹೊಡೆದಂಗೆ ಬಂತು. ಹಂಗೇ ಇರ್ಲಿ, ಬೇಗ ಹಿಡಿ. ಆಯಮ್ಮನ ಉಸುರು ನೋಡು," ಎಂದು ರೇಗಿದೆ. ಕ್ಲಾಸಿನಲ್ಲಿ ರೇಗುತ್ತಿದ್ದ ಅದೇ ದನಿ. ವಸೀಂ ಕೈ ಹಿಂದಕ್ಕೆ ತೆಗೆದ. ಮೈಕಿನ ಎತ್ತರ ಸರಿಮಾಡಿದ, ವೈರನ್ನು ಮರೆತ.

ಚಿಕ್ಕನಿಂಗಮ್ಮ ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈಯಲ್ಲಿ ತಾಳ ಹಾಕುತ್ತ ಹಾಡಿದರು. ದನಿ ಒಡೆದಿತ್ತು, ಆದರೂ ಏರುವ ಕಡೆ ಹೇಗೋ ಏರುತ್ತಿತ್ತು. ಹೆಂಗಸರು ಹಾಡಬೇಕಾದ ಕಡೆ ಬರೀ ತುಟಿ ಆಡಿಸಿ, ಅಷ್ಟು ತಾಳದ ಜಾಗ ಬಿಡುತ್ತಿದ್ದರು.

ಅಕ್ಕಿ ಕೇರಿದ ಮೊರವ ಅಲ್ಲೇ ಇಟ್ಟು ಬಾರವ್ವ
ಹೊಕ್ಕ ಮನೆಯಲಿ ಹೊಸ ಮೊರ ಕಾದೈತೆ

ಹನ್ನೊಂದು ನಿಮಿಷ. ಡಬ್ಬಿಯ ಮುಳ್ಳು ಎಡಕ್ಕೆ ಬಗ್ಗಿ ಅಲ್ಲೇ ನಿಂತಿದ್ದನ್ನು ನಾನೂ ನೋಡಿದೆ. ಡಬ್ಬಿ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದುಕೊಂಡೆನೇ ಹೊರತು ಬೇರೆ ಯೋಚನೆ ಬರಲಿಲ್ಲ. ಇನ್ನೊಂದು ಸಲ ಹಿಡಿಯೋಣ ಎಂದು ವಸೀಂ ಕೇಳಿದಾಗ ಅವರು ಬಾಯಿ ತೆರೆದರು, ದನಿ ಏಳಲಿಲ್ಲ. ಕೈ ಆಡಿಸಿ, ಸಾಕು ಎಂದರು. ಕೆಳಗಿಳಿಯುವ ಮುನ್ನ ವಸೀಂನ ಗಲ್ಲ ಮುಟ್ಟಿ, "ಜೋಪಾನ ಕಣಪ್ಪ," ಎಂದರು. ಆಮೇಲೆ ನಾವು ಅವರ ದನಿ ಕೇಳಲಿಲ್ಲ.

ಆಪರೇಷನ್ ಸುಸೂತ್ರವಾಗಿ ಆಯಿತು. ಕತ್ತಿನಲ್ಲಿ ಒಂದು ತೂತು ಮಾಡಿ ಅಲ್ಲಿಂದಲೇ ಉಸಿರಾಡುವಂತೆ ಮಾಡಿದ್ದರು. ಜೀವ ಉಳಿಯಿತು. ನಾನೂ ವಸೀಂನೂ ಟೀ ಕುಡಿದು ನಿಟ್ಟುಸಿರು ಬಿಟ್ಟೆವು. ವಸೀಂ ಹಾಡನ್ನು ಕೇಳಿ ನೋಡಿದ್ದ. ಒಂದೊಂದು ಅಕ್ಷರವೂ ಸ್ಪಷ್ಟ. ಪ್ರಚಾರದ ಕಿವಿ ಅವನದು, ನನ್ನದೂ ಅದೇ. ಇಬ್ಬರಿಗೂ ತಪ್ಪು ಕಾಣಲಿಲ್ಲ.

ಕಂಡಿದ್ದು ಗಂಗಾಂಬಿಕೆಗೆ. ಚಿಕ್ಕನಿಂಗಮ್ಮನ ಜೊತೆ ಮೂವತ್ತು ವರ್ಷದಿಂದ ಸೊಲ್ಲು ಹಿಡಿಯುತ್ತ ಬಂದ ಹೆಂಗಸು. ಮದುವೆಗೆ ಇಪ್ಪತ್ತನಾಲ್ಕು ದಿನ ಇದ್ದಾಗ, ರೆಕಾರ್ಡಿಗೆ ತಕ್ಕಂತೆ ಹಾಡಿ ನೋಡಬೇಕೆಂದು ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಸ್ಟುಡಿಯೊಗೆ ಬಂದರು. ವಸೀಂ ಮದುವೆ ಮನೆಯವನ ಹಾಗೆ ಚಾಪೆ ಹಾಸಿ ಕೂರಿಸಿ ಹಾಡು ಹಾಕಿದ. ಮೊದಲನೇ ಸೊಲ್ಲಿಗೆ ಹೆಂಗಸರು ಬಾಯಿ ತೆರೆದು ಮುಚ್ಚಿದರು. ಎರಡನೆಯದಕ್ಕೆ ತಡವಾಗಿ ಶುರುಮಾಡಿ ಚಿಕ್ಕನಿಂಗಮ್ಮನ ಮುಂದಿನ ಸೊಲ್ಲಿಗೆ ಡಿಕ್ಕಿ ಹೊಡೆದರು. ಮೂರನೆಯದಕ್ಕೆ ಇಬ್ಬರು ಹಾಡಿದರು, ಉಳಿದವರು ಸುಮ್ಮನಿದ್ದರು.

"ತಡಿಯಪ್ಪ, ನಿಲ್ಸು," ಎಂದರು ಗಂಗಾಂಬಿಕೆ. "ಇವ್ಳು ನಮ್ಗ ಜಾಗಾನೇ ಕೊಡ್ತಿಲ್ವಲ್ಲ."

"ಜಾಗ ಬಿಟ್ಟಿದ್ದಾರಲ್ಲಮ್ಮ, ನೋಡಿ, ಇಲ್ಲಿ," ಎಂದು ವಸೀಂ ಪರದೆಯಲ್ಲಿ ಬೆರಳಿಟ್ಟು ತೋರಿಸಿದ.

"ಅದಲ್ಲ ಕಣಪ್ಪ. ನಿಂಗವ್ವ ಸೊಲ್ಲಿನ ಕೊನೇಲಿ ದನಿ ಇಳಿಸ್ತಾಳೆ. ಇಳ್ಸುದ್ರೆ ನಾವು ಹತ್ಬೇಕು ಅಂತ. ಇಳಿಸ್ದೆ ಇದ್ರೆ ಇನ್ನೊಂದು ಸೊಲ್ಲು ಅವ್ಳೇ ಯೋಳ್ತಾಳೆ, ನಾವು ಸುಮ್ಕಿರ್ಬೇಕು ಅಂತ. ಅವ್ಳು ಬುಟ್ಟಾದ್ಮೇಲೆ ಇಡಿಯೋದಲ್ಲ, ಬುಡುವಾಗ್ಲೇ ಇಡೀಬೇಕು. ಇದ್ರಲ್ಲಿ ಎಲ್ಲೂ ಇಳಿಸೇ ಇಲ್ಲ. ಉಸುರು ಎಳ್ಕೊಳ್ಳೋದೂ ಪದದಷ್ಟೇ ಜೋರಾಗದ." ಸ್ಪೀಕರಿನ ಕಡೆ ಕೈ ತೋರಿಸಿ, "ದನಿ ಅವ್ಳದೇ. ಆದ್ರೆ ಅವ್ಳು ಇಂಗ ಪದ ಯೋಳಾಕಿಲ್ಲ," ಎಂದರು.

ವಸೀಂ ಡಬ್ಬಿಯ ಕಡೆ ತಿರುಗಿದ. ಹಿಂದೆ ಕೈ ಹಾಕಿ ಮೈಕಿನ ವೈರು ಹಿಡಿದು ನೋಡಿದ. ಅವನ ಮುಖದ ಬಣ್ಣ ಹೋದದ್ದನ್ನು ಕಂಡೇ ನನಗೂ ಅರ್ಥವಾಯಿತು. ನನ್ನ ಮಾತು, 'ಹಂಗೇ ಇರ್ಲಿ', ಕಿವಿಯಲ್ಲಿ ಹೊಡೆಯಿತು. ಭವ್ಯಳ ಮನೆಯಲ್ಲಿ ಈಗಲೇ ಏನೂ ಹೇಳಬೇಡಿ ಎಂದು ಹೆಂಗಸರನ್ನು ಕೇಳಿಕೊಂಡೆವು. ಸರಿಮಾಡಿ ಕರೆಯುತ್ತೇವೆ ಎಂದು ಕಳಿಸಿದೆವು.

"ಸರಿಹೋಗುತ್ತೇನಯ್ಯ?" ಎಂದು ಕೇಳಿದೆ.

"ಎಲ್ಲಿ ಇಳಿಸಿದ್ರು ಅಂತ ಗೊತ್ತಿದ್ರೆ ತಾನೇ ಮೇಷ್ಟ್ರೇ? ಅದನ್ನೇ ಡಬ್ಬಿ ತಿಂದುಬಿಟ್ಟಿದೆ," ಎಂದ.

ಆ ಸಂಜೆ ಭವ್ಯ ಫೋನ್ ಮಾಡಿದಳು. "ಸಾರ್, ಹಾಡು ಚೆನ್ನಾಗಿ ಬಂದದಾ? ಅಜ್ಜಿ ಕೇಳ್ತಾ ಅವ್ರೆ, ಕೈಸನ್ನೇಲಿ." ನಾನು "ಚೆನ್ನಾಗಿ ಬಂದದೆ" ಎಂದೆ. ಇಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಬೋರ್ಡಿನ ಮೇಲೆ ಬರೆದವನು.

ಅಲ್ಲಿಂದ ಹದಿನೆಂಟು ದಿನ ವಸೀಂ ಅದೊಂದೇ ಕೆಲಸ ಮಾಡಿದ. ಪರದೆಯ ಮೇಲೆ ಹಾಡಿನ ಉದ್ದಕ್ಕೂ ಒಂದು ಗೆರೆ ಇರುತ್ತದೆ. ಗೆರೆಯನ್ನು ತಗ್ಗಿಸಿದಲ್ಲಿ ದನಿ ತಗ್ಗುತ್ತದೆ, ಏರಿಸಿದಲ್ಲಿ ಏರುತ್ತದೆ. ಅಂದಾಜಿನ ಮೇಲೆ ಒಂದೊಂದು ಸೊಲ್ಲಿನ ಕೊನೆಯನ್ನೂ ತಗ್ಗಿಸಿದ. ಉಸಿರುಗಳನ್ನು ಒಂದೊಂದಾಗಿ ಹುಡುಕಿ ಅಳಿಸಿದ. ಅದುಮಿದ್ದನ್ನು ಬಿಡಿಸುತ್ತೇನೆ ಎನ್ನುವ ಇನ್ನೊಂದು ಸಾಫ್ಟ್‌ವೇರ್ ಹಾಕಿ ನೋಡಿದ. ಅದು ಕೆಮ್ಮನ್ನು ಗುಡುಗು ಮಾಡಿತು. ಪ್ರತಿಯೊಂದನ್ನೂ ನಾನು ಗಂಗಾಂಬಿಕೆಯವರ ಸೊಸೆಯ ಫೋನಿಗೆ ವಾಟ್ಸಾಪ್ ಮಾಡುತ್ತಿದ್ದೆ. ಅರ್ಧ ಗಂಟೆಗೆ ಉತ್ತರ. "ಅಲ್ಲಿ ಇಳಿಸಾಕಿಲ್ಲ ಮೇಷ್ಟ್ರೇ." "ಇದ್ರಲ್ಲಿ ದಿಢೀರ್ ಅಂತ ಬಿದ್ದೋಯ್ತಾಳಲ್ಲ, ಬಾವಿಗೆ ಬಿದ್ದಂಗ." ಎಲ್ಲಿ ಇಳಿಸುತ್ತಾರೆ ನೀವೇ ಹೇಳಿ ಎಂದರೆ, "ಅದು ಯೋಳಾಕಾಗಲ್ಲ, ಅವ್ಳು ಇಳಿಸಿದಾಗ ಗೊತ್ತಾಯ್ತದೆ," ಎನ್ನುತ್ತಿದ್ದರು. ಪ್ರತಿ ಮದುವೆಯಲ್ಲೂ ಬೇರೆ ಬೇರೆ ಕಡೆ ಇಳಿಸುತ್ತಿದ್ದರಂತೆ. ಹುಡುಗಿಯ ಮುಖ ನೋಡಿಕೊಂಡು ಇಳಿಸುತ್ತಿದ್ದರಂತೆ.

ಹೊರಗೆ ಆಟೋಗಳಲ್ಲಿ ನನ್ನ ಸೀರೆ ರಿಯಾಯಿತಿ ಊರೆಲ್ಲ ಸುತ್ತುತ್ತಿತ್ತು. ಕೇಳಿದಾಗಲೆಲ್ಲ ನನ್ನ ದನಿಯ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ವಸೀಂ ಎರಡು ಪ್ರಚಾರದ ಕೆಲಸ ವಾಪಸು ಕಳಿಸಿದ. 'ಊಟದ ತಟ್ಟೆ ಮುಂದಿಟ್ಟುಕೊಂಡು ಬೆರಳಲ್ಲಿ ಗೆರೆ ಎಳೀತಾ ಕೂರ್ತಾರೆ' ಎಂದು ಅನೀಸಾ ನನ್ನನ್ನು ಬೀದಿಯಲ್ಲಿ ತಡೆದು ಹೇಳಿದಳು. ಅವಳು ಬೈದಿದ್ದರೆ ಮೇಲಾಗಿತ್ತು.

ಮದುವೆಗೆ ಆರು ದಿನ ಉಳಿದಾಗ ವಸೀಂ ಕಂಪ್ಯೂಟರ್ ಮುಚ್ಚಿದ. ಏಳನೆಯದೋ ಎಂಟನೆಯದೋ ಪ್ರಯತ್ನ ಗಂಗಾಂಬಿಕೆಯವರಿಗೆ ಹೆಚ್ಚುಕಡಿಮೆ ಒಪ್ಪಿಗೆಯಾಗಿತ್ತು. ಇದನ್ನೇ ಹಾಕಿಬಿಡೋಣ, ಮದುವೆ ಗದ್ದಲದಲ್ಲಿ ಯಾರು ನೋಡುತ್ತಾರೆ ಎಂದೆ ನಾನು.

"ನಾನು ಅಂದಾಜಲ್ಲಿ ಒಬ್ರ ದನಿ ತಯಾರು ಮಾಡ್ತಾ ಇದೀನಿ ಮೇಷ್ಟ್ರೇ. ಅವ್ರು ಇನ್ನೂ ಬದುಕಿದ್ದಾರೆ. ಅವ್ರನ್ನ ಕೇಳ್ದೆ ಹೆಂಗೆ ಮಾಡ್ಲಿ?" ಎಂದ. "ನಾಳೆ ಹರದನಹಳ್ಳಿಗೆ ಹೋಗಿ ತಪ್ಪು ಒಪ್ಕೋತೀನಿ. ನೀವು ಬನ್ನಿ, ಬರ್ದೇ ಇರಿ." ಅಂಜುಬುರುಕ ಎಂದು ಇವನನ್ನು ಎಷ್ಟು ಸಲ ಹಾಸ್ಯ ಮಾಡಿದ್ದೆನೋ. ಅವತ್ತು ಅಂಜಿದವನು ನಾನು.

ಸ್ಕೂಟರಿನಲ್ಲಿ ಹೋದೆವು. ಅವನ ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ, ನನ್ನ ತೊಡೆಯ ಮೇಲೆ ಅವನ ಸ್ಟುಡಿಯೊದ ಸಣ್ಣ ಮಿಕ್ಸರ್. ಯಾಕೆ ಅದನ್ನು ಹೊತ್ತು ತಂದ ಎಂದು ಕೇಳಿದ್ದಕ್ಕೆ, ಸ್ಪೀಕರಿಗೆ ಬೇಕು ಎಂದಷ್ಟೇ ಹೇಳಿದ್ದ.

ಚಿಕ್ಕನಿಂಗಮ್ಮ ಜಗುಲಿಯ ಮೇಲೆ ಕೂತಿದ್ದರು. ಅರ್ಧಕ್ಕೆ ಇಳಿದಿದ್ದರು. ಕತ್ತಿಗೆ ತೆಳುವಾದ ಬಿಳಿ ಬಟ್ಟೆ, ಉಸಿರಿಗೆ ಬಟ್ಟೆ ಮೆಲ್ಲಗೆ ಅಲುಗುತ್ತಿತ್ತು. ನಮ್ಮನ್ನು ಕಂಡು ಮುಖ ಅರಳಿತು. ತುಟಿ ಆಡಿಸಿದ್ದನ್ನು ಭವ್ಯ ಓದಿ, "ಬಂದ್ರಾ ನನ್ನಪ್ಪ ಅಂತಾವ್ರೆ," ಎಂದಳು. ಗಂಗಾಂಬಿಕೆಯವರೂ ಪಕ್ಕದ ಮನೆಯಿಂದ ಬಂದರು.

ವಸೀಂ ಕುಳಿತುಕೊಳ್ಳಲೂ ಇಲ್ಲ. "ಅವ್ವಾ, ನನ್ನಿಂದ ತಪ್ಪಾಯ್ತು. ನಿಮ್ಮ ಹಾಡು ನೀವು ಹಾಡ್ದಂಗೆ ಉಳೀಲಿಲ್ಲ. ಮೆಷಿನ್ನು ಅದುಮಿಬಿಡ್ತು. ವೈರು ತೆಗೀಬೇಕಿತ್ತು, ತೆಗೀಲಿಲ್ಲ," ಎಂದ. ನಾನು ಹೇಳಿದ್ದಕ್ಕೆ ತೆಗೆಯಲಿಲ್ಲ ಎಂದು ಹೇಳಲಿಲ್ಲ. ಆ ಮಾತನ್ನು ನಾನೇ ಹೇಳಿದೆ, ತಡವರಿಸಿಕೊಂಡು ಹೇಳಿದೆ.

ಭವ್ಯ ನನ್ನ ಕಡೆ ತಿರುಗಿದಳು. "ಚೆನ್ನಾಗಿ ಬಂದದೆ ಅಂದ್ರಲ್ಲ ಸಾರ್? ಇಪ್ಪತ್ತು ದಿನ ಆಯ್ತು. ಅಜ್ಜಿ ದಿನಾ ಕೇಳೋರು." ತಲೆ ತಗ್ಗಿಸಿ ನಿಂತೆ, ಹೋಂವರ್ಕ್ ಮಾಡದ ಹುಡುಗನ ಹಾಗೆ.

ಚಿಕ್ಕನಿಂಗಮ್ಮ ಮೊಮ್ಮಗಳ ತೋಳು ಮುಟ್ಟಿ ಸುಮ್ಮನಿರಿಸಿದರು. ವಸೀಂಗೆ ಬೆರಳಿನಲ್ಲಿ ಸನ್ನೆ ಮಾಡಿದರು, ಹಾಕು. ವಸೀಂ ತಾನು ತಿದ್ದಿದ್ದನ್ನು ಹಾಕಲಿಲ್ಲ. ಡಬ್ಬಿ ಅದುಮಿದ್ದನ್ನೇ, ಇದ್ದ ಹಾಗೆ ಹಾಕಿದ.

ಅವರು ಕಣ್ಣು ಮುಚ್ಚಿ ಕೇಳಿದರು. ಪದಕ್ಕೆ ಅಷ್ಟಾಗಿ ಅಲುಗಲಿಲ್ಲ. ಸೊಲ್ಲುಗಳ ನಡುವೆ ದೊಡ್ಡದಾಗಿ ಕೇಳುತ್ತಿದ್ದ ತಮ್ಮದೇ ಉಸಿರು ಬಂದಾಗ ಕಣ್ಣು ಬಿಟ್ಟು, ಬಾಯಿಯ ಮುಂದೆ ಅಂಗೈ ಹಿಡಿದು ನೋಡಿಕೊಂಡರು. ಅಲ್ಲಿ ಈಗ ಉಸಿರಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಅಂಗಳಕ್ಕೆ ಇಳಿದು ಹೋದೆ.

ವಾಪಸು ಬರುವಷ್ಟರಲ್ಲಿ ಅವರ ಕೈ ತೊಡೆಯ ಮೇಲೆ ತಾಳ ಹಿಡಿದಿತ್ತು. ಸೊಲ್ಲಿನ ಕೊನೆಗೆ ಬಂದಾಗ ಕೈ ಮೆಲ್ಲಗೆ ಕೆಳಗಿಳಿಯಿತು, ಮತ್ತೆ ಏರಿತು. ಇನ್ನೊಂದು ಸೊಲ್ಲಿಗೆ ಇಳಿಯಲಿಲ್ಲ, ಹಾಗೇ ನಿಂತಿತು. ವಸೀಂ ಆ ಕೈಯನ್ನೇ ನೋಡುತ್ತಿದ್ದ. ಹಾಡು ನಿಲ್ಲಿಸಿ, ಮಿಕ್ಸರನ್ನು ಅವರ ಮುಂದಿಟ್ಟ. ಅದರ ಮೇಲೆ ಫೇಡರ್ ಎನ್ನುವ ಜಾರುಗುಂಡಿ ಇದೆ. ಮೇಲೆ ತಳ್ಳಿದರೆ ದನಿ ಏರುತ್ತದೆ, ಕೆಳಗೆ ಎಳೆದರೆ ಇಳಿಯುತ್ತದೆ. ಅವರ ತೋರುಬೆರಳನ್ನು ಹಿಡಿದು ಅದರ ಮೇಲಿಟ್ಟ.

"ಅವ್ವಾ, ಇದು ನಿಮ್ಮ ಗಂಟ್ಲು ಅಂದ್ಕೊಳ್ಳಿ. ಎಲ್ಲಿ ಇಳಿಸ್ತಿದ್ರೋ ಅಲ್ಲಿ ಇಳಿಸಿ. ಹಾಡು ಓಡ್ತಾ ಇರ್ತದೆ, ನೀವು ಇಳಿಸಿದ್ದನ್ನ ನಾನು ಕಂಪ್ಯೂಟರಲ್ಲಿ ಹಿಡ್ಕೋತೀನಿ," ಎಂದ.

ಮೊದಲು ಅವರು ಕೈ ಹಿಂದಕ್ಕೆಳೆದುಕೊಂಡರು. ಶಾಕ್ ಹೊಡೆಯುತ್ತದೆ ಎಂದು ಹೆದರಿಕೆ. ಭವ್ಯ ತಾನೇ ಮುಟ್ಟಿ ತೋರಿಸಿದಳು. ಮೊದಲ ಸಲ ಒಂದೇ ಏಟಿಗೆ ಎಳೆದು ದನಿಯೇ ಮಾಯವಾಯಿತು. ಗಂಗಾಂಬಿಕೆ ನಕ್ಕು, "ಬಾವಿಗೆ ಬಿದ್ದೆ ಕಣೆ," ಎಂದರು. ಎರಡನೆಯ ಸಲ ತಡವಾಯಿತು. ಮೂರನೆಯ ಸಲ ಚಿಕ್ಕನಿಂಗಮ್ಮ ಗುಂಡಿಯನ್ನು ನೋಡುವುದನ್ನು ಬಿಟ್ಟು ಭವ್ಯಳ ಮುಖ ನೋಡತೊಡಗಿದರು. ಬೆರಳು ತಾನಾಗಿ ಜಾರಿತು. ಅಕ್ಕಿ ಕೇರಿದ ಮೊರ ಎಂದು ದನಿ ಏರಿತು, ಬಾರವ್ವ ಎನ್ನುವಲ್ಲಿ ತೇಲಿ ಇಳಿಯಿತು, ಇಳಿಯುತ್ತಿದ್ದಂತೆಯೇ ಗಂಗಾಂಬಿಕೆ ತಮಗೇ ಗೊತ್ತಿಲ್ಲದೆ ಹಿಡಿದುಬಿಟ್ಟರು. ಹಿಡಿದವರೇ ಬಾಯಿ ಮುಚ್ಚಿಕೊಂಡು ಅತ್ತರು. ವಸೀಂ ಹಾಡು ನಿಲ್ಲಿಸಲಿಲ್ಲ.

ಆ ಮಧ್ಯಾಹ್ನವೆಲ್ಲ ಅದೇ ಕೆಲಸವಾಯಿತು. ಕೊನೆಯ ಸಲ ಹಿಡಿಯುವಾಗ ಮನೆಯೊಳಗೆ ಹೋಗೋಣ, ಬೇರೆ ಯಾರೂ ಬೇಡ ಎಂದು ಚಿಕ್ಕನಿಂಗಮ್ಮ ಸನ್ನೆ ಮಾಡಿದರು. ಒಳಗೆ ಅವರೂ ವಸೀಂನೂ ಇಬ್ಬರೇ. ಹೊರಬಂದ ಮೇಲೆ ವಸೀಂ, "ಆಯ್ತು ಮೇಷ್ಟ್ರೇ," ಎಂದ. ಹಿಂತಿರುಗುವಾಗ ಒಮ್ಮೆಯೂ ಚೀಲ ತೆರೆದು ನೋಡಲಿಲ್ಲ.

ಆದರೂ ನನ್ನ ಆತಂಕ ಹೋಗಲಿಲ್ಲ. ಮದುವೆ ಗೊತ್ತಾಗಿದ್ದ ಚಾಮರಾಜನಗರದ ಕಲ್ಯಾಣಮಂಟಪ ಎಂದರೆ ಗದ್ದಲದ ಗೂಡು. ಊಟದ ಪಂಕ್ತಿಗೆ ಓಡುವವರು, ಫೋಟೋದವರ ಕೂಗು, ಮಕ್ಕಳ ಚೀರಾಟ. ಇಂಥ ಕಡೆ ಇಳಿಸಿದ ದನಿ ಯಾರಿಗೆ ಕೇಳುತ್ತದೆ? ಡಬ್ಬಿ ಮಾಡಿದ್ದೇ ಸರಿಯಾಗಿತ್ತೇನೋ ಎಂದು ಕೂಡ ಅನ್ನಿಸಿತು. ವಸೀಂ ತನ್ನದೇ ಎರಡು ಸ್ಪೀಕರ್ ತಂದು ಹೆಂಗಸರು ನಿಲ್ಲುವ ಕಡೆಗೆ ತಿರುಗಿಸಿಟ್ಟಿದ್ದ, ಸಭೆಯ ಕಡೆಗಲ್ಲ. ನಾನು ಅವನ ಪಕ್ಕದಲ್ಲಿ ನಿಂತಿದ್ದೆ.

ಭವ್ಯಳ ಕೈಯನ್ನು ಚಿಕ್ಕನಿಂಗಮ್ಮ ಹಿಡಿದರು. ಎದುರಿಗೆ ಅವಳ ಅತ್ತೆ. ಹಾಡು ಶುರುವಾಯಿತು. ಊಟದ ಹಾಲಿನವರಿಗೆ ಏನೂ ಕೇಳಿಸಲಿಲ್ಲ. ಹಿಂದಿನ ಕುರ್ಚಿಗಳಲ್ಲಿ ಒಂದಷ್ಟು ಜನ ಏನಿದು ಎಂದು ಮುಂದೆ ಬಂದರು. ಸೊಲ್ಲು ಇಳಿದಲ್ಲೆಲ್ಲ ಗಂಗಾಂಬಿಕೆ ಮತ್ತು ಆ ನಾಲ್ವರು ಹತ್ತಿದರು, ಇಳಿಯದಲ್ಲಿ ಸುಮ್ಮನಿದ್ದರು. ಒಂದು ಕಡೆಯೂ ತಪ್ಪಲಿಲ್ಲ. ಭವ್ಯ ಅಳುತ್ತಿದ್ದಳು, ಅವಳ ಅತ್ತೆಯೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಕೊನೆಯ ಸೊಲ್ಲು ಬರಬೇಕಿತ್ತು. ಕೈ ಬಿಟ್ಟೆನೆಂದು ಅಳಬ್ಯಾಡ, ಕೈಗೆ ಕೈ ಕೊಟ್ಟೀನಿ. ಅದು ಚಿಕ್ಕನಿಂಗಮ್ಮನೇ ಹಾಡುವ ಸೊಲ್ಲು. ಹೆಂಗಸರು ಹಿಡಿಯುವುದು ಆಮೇಲೆ.

ಸ್ಪೀಕರಿನಲ್ಲಿ ಏನೂ ಬರಲಿಲ್ಲ.

ವಸೀಂನ ತೋಳು ಹಿಡಿದು ಅಲ್ಲಾಡಿಸಿದೆ. "ವೈರು ನೋಡಯ್ಯ! ಕಿತ್ತೋಯ್ತಾ?" ಬೀಗವನ್ನು ಮೂರು ಸಲ ಎಳೆಯುವ ಮನುಷ್ಯ, ಬಗ್ಗಿ ನೋಡಲೂ ಇಲ್ಲ.

"ಕಿತ್ತೋಗಿಲ್ಲ ಮೇಷ್ಟ್ರೇ. ಅವ್ವ ಇಳಿಸಿದ್ದು. ಕೊನೇದನ್ನ ಪೂರ್ತಿ ಇಳಿಸಿಬಿಟ್ರು," ಎಂದ.

ಗಂಗಾಂಬಿಕೆ ಗಾಬರಿಯಿಂದ ಸ್ಪೀಕರ್ ನೋಡಿದರು, ಆಮೇಲೆ ಚಿಕ್ಕನಿಂಗಮ್ಮನನ್ನು ನೋಡಿದರು. ಚಿಕ್ಕನಿಂಗಮ್ಮ ಅವರನ್ನೇ ನೋಡುತ್ತಿದ್ದರು. ತುಟಿ ಆಡಿಸಲಿಲ್ಲ, ತಾಳ ಹಾಕಲಿಲ್ಲ. ಹಿಡಿದ ಕೈ ಹಿಡಿದೇ ಇದ್ದರು. ಉಳಿದ ಹೆಂಗಸರು ಏನು ಮಾಡಬೇಕೆಂದು ತಿಳಿಯದೆ ನಿಂತರು.

ಮೂವತ್ತು ವರ್ಷ ಇನ್ನೊಬ್ಬರ ಹಿಂದೆ ಹಾಡಿದ ಗಂಗಾಂಬಿಕೆ ಸೆರಗಿನಿಂದ ಮುಖ ಒರೆಸಿಕೊಂಡು, ನಡುಗುವ ದನಿಯಲ್ಲಿ ಆ ಸೊಲ್ಲನ್ನು ಎತ್ತಿದರು. ಕೊನೆಯಲ್ಲಿ ದನಿ ಇಳಿಸಿದರು. ನಾಲ್ವರೂ ಹಿಡಿದರು.

ಆಗ ಚಿಕ್ಕನಿಂಗಮ್ಮ ಭವ್ಯಳ ಕೈ ಬಿಟ್ಟರು.